ನೀರಾದ ಗಂಧ

ಕಲಬುರಗಿಯ ನಮ್ಮ ಓಣಿಯ ಗುಡಿಯಲ್ಲಿ ದಿನಾ ಗಂಧ ತೇಯುವವನು ನಾನು. ಅಪ್ಪನ ನಂತರ ಸಾಣೆಕಲ್ಲು ನನ್ನ ಪಾಲಿಗೆ ಬಂತು, ಕೆಲವು ವರ್ಷಗಳಲ್ಲಿ ಹೆಬ್ಬೆರಳ ಬುಡದ ನೋವೂ ಬಂತು. ಸ್ಟೇಶನ್ ಬಜಾರದ ಡಾಕ್ಟರು, ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ ಬಾತಿದೆ ಎಂದು ಇಂಜೆಕ್ಷನ್ ಕೊಟ್ಟು ಮಣಿಕಟ್ಟಿಗೆ ಬೆಲ್ಟ್ ಕಟ್ಟಿದರು. "ಕೈ ಅಲುಗಾಡಿಸಬ್ಯಾಡ್ರಿ" ಎಂದರು. ನೋವು ಹೋಯಿತು, ಮತ್ತೆ ತೇಯಲು ಕೂತ ಕೂಡಲೇ ಹಾಜರಾಯಿತು. ಎಡಗೈಯಿಂದ ದೇವರ ಗಂಧ ತೇಯುವಂತಿಲ್ಲ. ಗುಡಿಯ ಹಿರಿಯರು ಗಂಧದ ಪುಡಿಯ ಪೊಟ್ಟಣ ತರಿಸುವ ಮಾತು ತೆಗೆದರು. ಅದು ಬಂದರೆ ಅಪ್ಪನ ಕಲ್ಲು ಮೂಲೆ ಸೇರುತ್ತದೆ ಎಂದು ನನಗೆ ಸಂಕಟ.

ಯಾರೋ ಹೇಳಿದರೆಂದು ಹೆಂಡತಿ ನನ್ನನ್ನು ಕಮಲಾಪುರಕ್ಕೆ ಕರೆದೊಯ್ದಳು. ಅಲ್ಲಿ ಚಿಕಿತ್ಸೆ ಕೊಡುವಾತ ಮಣಿಕಟ್ಟಿನ ಮೇಲೆ ಗಾಳಿ ಹೀರುವ ಪುಟ್ಟ ಕಪ್‌ಗಳನ್ನಿಟ್ಟು ಚರ್ಮ ಮೇಲಕ್ಕೆಳೆದ. ಆಮೇಲೆ ನೀರು ತುಂಬಿದ ಬಾಟಲಿ ಕೈಗಿತ್ತ.

"ಎತ್ತಿ ನಿಧಾನಕ ಇಳಸ್ರಿ. ಕೆಲಸ ಕೊಟ್ಟರನ ನರ ಗಟ್ಟಿ ಆಗ್ತದ."

"ಡಾಕ್ಟ್ರು ಅಲುಗಾಡಿಸಬ್ಯಾಡ ಅಂದಾರಲ್ರಿ?"

"ಅಂದಿರಬೇಕು ಬಿಡ್ರಿ. ಈಗ ನೋವು ಅದ ಏನು?"

ಇದೆಯೋ ಇಲ್ಲವೋ, ತಿಳಿಯಲಿಲ್ಲ. ಕಪ್‌ಗಳು ಎಳೆದ ಉರಿಯಲ್ಲಿ ಹಳೆಯ ನೋವನ್ನು ಎಲ್ಲಿ ಹುಡುಕಲಿ? ಅಷ್ಟು ದೂರ ಹೋದ ಮುಲಾಜಿಗೆ "ಕಮ್ಮಿ ಆಗೇದ್ರಿ" ಎಂದೆ.

ಊರಿಗೆ ಬಂದು ಇಬ್ಬರ ಮಾತನ್ನೂ ನಡೆಸಿದೆ. ಪೂಜೆ ಮುಗಿದ ಮೇಲೆ ಬೆಲ್ಟ್, ಸಂಜೆ ಬಾಟಲಿ. ಮಣಿಕಟ್ಟಿನ ಕೆಂಪು ಉಂಗುರಗಳನ್ನು ಕಂಡು, ದಿನಾ ಗುಡಿಗೆ ಬರುವ ಅಜ್ಜಿ "ಇದ್ಯಾವ ಹೊಸ ಮುದ್ರಿ, ಆಚಾರ್ರೆ?" ಎಂದು ನಕ್ಕರು. ನಿಧಾನಕ್ಕೆ ನೋವು ಮಾಯವಾಯಿತು. ಬೆಲ್ಟಿಗೆ ಕೈಮುಗಿಯಲೋ ಬಾಟಲಿಗೋ ಎಂದು ಹೆಂಡತಿಯನ್ನು ಕೇಳಿದೆ.

"ದೇವರಿಗೆ ಮುಗದು ಸುಮ್ಮನ ಕೂಡ್ರಿ" ಎಂದಳು. ಪುಡಿಯ ಮಾತೂ ನಿಂತಿತು.

ಒಂದು ಬೆಳಿಗ್ಗೆ ಅದೇ ಅಜ್ಜಿ ಗಂಧ ಹಚ್ಚಿಕೊಂಡವರು ಬೆರಳು ಮೂಸಿ ನೋಡಿದರು.

"ಆಚಾರ್ರೆ, ಇತ್ತಿತ್ಲಾಗ ಗಂಧ ಬರೇ ನೀರಾಗೇದಲ್ಲ?"

ಅಲ್ಲೇ ಕೂತು ಕೊರಡನ್ನು ತೇಯ್ದೆ. ಕೈ ಸರಾಗವಾಗಿ ಸುತ್ತುತ್ತಿತ್ತು, ಕಲ್ಲಿನ ಮೇಲೆ ಬರೀ ನೀರು. ನನಗೇ ಗೊತ್ತಾಗದಂತೆ ಕೈ ಒತ್ತುವುದನ್ನೇ ಬಿಟ್ಟಿತ್ತು. ಹಾಗಾದರೆ ಇಷ್ಟು ದಿನ ವಾಸಿಯಾದದ್ದು ಏನು? ಒತ್ತಿದರೆ ಗೊತ್ತಾಗುತ್ತಿತ್ತು. ಒತ್ತಲು ಹೆದರಿಕೆ. ಅಜ್ಜಿ ಹೋಗದೆ ನಿಂತೇ ಇದ್ದರು.

ಹಲ್ಲು ಕಚ್ಚಿ ಒತ್ತಿದೆ. ಮೊದಲು ಪರಿಮಳ ಬಂತು, ಅದರ ಬೆನ್ನಿಗೇ ನೋವು.

"ಹಾಂ, ಗಂಧ ಅಂದ್ರ ಇದು ನೋಡ್ರಿ" ಎಂದರು ಅಜ್ಜಿ.