ಕಿಟಕಿಗೆ ತುರುಕಿದ ಕಂಬಳಿ

ಬಸ್ತಿಹಳ್ಳಿಯಲ್ಲಿ ಬಾಣಂತನವೆಂದರೆ ಕೆಂಪಲಕ್ಷ್ಮಮ್ಮನೇ ಆಗಬೇಕು. ಅವಳು ನೀರೆರೆದ ಬಾಣಂತಿಗೆ ಸೊಂಟನೋವಿಲ್ಲ, ಅವಳು ಕಾಯಿಸಿದ ಕೂಸಿಗೆ ಶೀತವಿಲ್ಲ ಎಂಬ ಮಾತಿತ್ತು. ಕಟ್ಟುಪಾಡೂ ಅಷ್ಟೇ ಬಿಗಿ. ಹೊಸಿಲು ದಾಟುವ ಹಾಗಿಲ್ಲ, ಕಿಟಕಿಗೆ ಕಂಬಳಿ ತುರುಕಬೇಕು, ಬೆಳಕಿನ ಎಳೆಯೂ ಒಳಗೆ ಬರಬಾರದು. ಆಸ್ಪತ್ರೆಯವರು ಕೂಸಿಗೆಂದು ಕೊಟ್ಟ ಹನಿ ಔಷಧಿ ಗೂಡಿನಲ್ಲೇ ಧೂಳು ತಿನ್ನುತ್ತಿತ್ತು. "ತಾಯಿ ಹಾಲಿಗಿಂತ ಔಸ್ದಿ ಐತೇನೇ?" ಎಂದರೆ ಮುಗಿಯಿತು, ಎದುರಾಡುವವರಿಲ್ಲ.

ಮಗಳು ದಿವ್ಯಶ್ರೀ ಬಾಣಾವರದಿಂದ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಾಗ ಕಂಬಳಿ ಎರಡು ಪದರವಾಯಿತು. ಕೆಲವೇ ತಿಂಗಳಲ್ಲಿ ಕೂಸು ಕೈಕಾಲು ಸೆಟೆದು, ಕಣ್ಣು ಮೇಲೆ ಮಾಡಿ, ಆಸ್ಪತ್ರೆ ಮುಟ್ಟುವ ಮೊದಲೇ ಹೋಯಿತು. ಬಾಲಗ್ರಹ ಅಂದರು ಊರವರು. ಕೆಂಪಲಕ್ಷ್ಮಮ್ಮನೂ ನಂಬಿದಳು. ನಂಬದೆ ಬದುಕುವುದಾದರೂ ಹೇಗೆ? ಆದರೆ ಅಂದಿನಿಂದ ಅವಳಿಗೆ ಆ ಬಾಣಂತಿ ಕೋಣೆಯಲ್ಲಿ ಕೂಸಿನ ಅಳು ಕೇಳತೊಡಗಿತು. ಮುಸುರೆ ತಿಕ್ಕುವಾಗ, ರಾಗಿ ಕೇರುವಾಗ, ಸಣ್ಣಗೆ. ಹೋಗಿ ನೋಡಿದರೆ ಬರೀ ಕತ್ತಲೆ.

ದಿವ್ಯಶ್ರೀ ಮತ್ತೆ ಹೆತ್ತಳು. ಈ ಸಲ ಕೆಂಪಲಕ್ಷ್ಮಮ್ಮ ಹೆಂಚಿನ ಸಂದಿಗೂ ಬಟ್ಟೆ ತುರುಕಿದಳು, ಬಾಗಿಲಿಗೆ ಬೇವು ಸಿಕ್ಕಿಸಿದಳು. ಒಂದು ಮಧ್ಯಾಹ್ನ ಅಳು ಕೇಳಿಸಿತು. ಅದು ಹಳೆಯದೇ ಅಂದುಕೊಂಡು ಮೊರ ಕೆಳಗಿಡಲಿಲ್ಲ. ಮಗಳು ಕಿರುಚಿದ ಮೇಲೇ ಓಡಿದ್ದು. ಕೂಸಿನ ಕೈ ಸೆಟೆಯುತ್ತಿತ್ತು.

ಪುಣ್ಯಕ್ಕೆ ಬೀದಿಯಲ್ಲೇ ಆಟೊ ಸಿಕ್ಕಿತು. ಕೂಸು ಉಳಿಯಿತು.

ಡಾಕ್ಟರಮ್ಮ ಕೂಸು, ತಾಯಿ, ಅಜ್ಜಿ ಮೂವರ ರಕ್ತವನ್ನೂ ಪರೀಕ್ಷೆ ಮಾಡಿಸಿದರು. "ಮೂವರಿಗೂ ಬಿಸಿಲಿಂದ ಬರೋ ವಿಟಮಿನ್ ಡಿ ಕಮ್ಮಿ ಇದೆ ಅಮ್ಮ. ಅದರಿಂದಲೇ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಕೂಸು ಸೆಟೆದಿದ್ದು. ಎಳೆಕೂಸು, ಸ್ಕೂಲ್ ಮಕ್ಕಳು, ಬಸುರಿಯರು, ಮುದುಕರು, ಎಲ್ಲರಲ್ಲೂ ನೋಡ್ತಿದ್ದೀನಿ. ತಾಯಲ್ಲೇ ಇಲ್ಲದ್ದು ಹಾಲಲ್ಲಿ ಎಲ್ಲಿಂದ ಬರಬೇಕು? ಅದಕ್ಕೇ ಹನಿ ಕೊಡೋದು."

"ನಮ್ಮೂರಲ್ಲಿ ಬಿಸ್ಲಿಗೇನು ಬರವೇ, ತಾಯಿ?"

"ನೀವು ಬಿಸಿಲಲ್ಲಿ ಕೂತು ಎಷ್ಟು ದಿನ ಆಯ್ತು?"

ಕೆಂಪಲಕ್ಷ್ಮಮ್ಮನ ಅರ್ಧ ಆಯುಸ್ಸು ಕಂಡವರ ಬಾಣಂತಿ ಕೋಣೆಗಳಲ್ಲೇ ಕಳೆದಿತ್ತು. ಅವಳು ಕೇಳಿದಳು, "ಮೊದಲ್ನೇ ಕೂಸಿಗೂ ಇದೇನಾ?"

"ಇರಬಹುದು. ಆಗ ರಕ್ತ ನೋಡಿದ್ದರೆ ಹೇಳಬಹುದಿತ್ತು."

ಊರಿಗೆ ಉಪಕಾರಿ, ಮನೆಗೆ ಮಾರಿ. ಯಾರೂ ಅನ್ನಲಿಲ್ಲ, ಅವಳೇ ಅಂದುಕೊಂಡಳು. ಮನೆಗೆ ಬಂದವಳೇ ಕಂಬಳಿ ಎಳೆದು ಹಿತ್ತಲಿಗೆ ಎಸೆದಳು.

ಮಾರನೇ ಬೆಳಿಗ್ಗೆ ದಿವ್ಯಶ್ರೀ ಕೂಸಿನ ಬಾಯಿಗೆ ಹನಿ ಹಾಕಿ, ಅಂಗಳದಲ್ಲಿ ಚಾಪೆಯ ಮೇಲೆ ಮಲಗಿಸಿದಳು. ಕೆಂಪಲಕ್ಷ್ಮಮ್ಮ ಬಗ್ಗಿ ನೋಡಿದಳು.

"ಅವ್ವಾ, ವಸಿ ಆಚೆ ಸರಿ. ನಿನ್ ನೆಳ್ಳು ಬೀಳ್ತೈತೆ," ಅಂದಳು ಮಗಳು, ಮೆಲ್ಲಗೆ.

ಅವಳು ಸರಿದು ಹೊಸಿಲ ಮೇಲೆ ಕೂತಳು. ಚಾಪೆಯ ಮೇಲೆ ಕೂಸು ಕಾಲು ಬಡಿಯುತ್ತಾ ನಗುತ್ತಿತ್ತು. ಬೆನ್ನ ಹಿಂದೆ, ಬಿಸಿಲು ತುಂಬಿದ ಕೋಣೆಯಲ್ಲಿ, ಅಳು ಇನ್ನೂ ಕೇಳುತ್ತಲೇ ಇತ್ತು.