ಅರವತ್ತು ಲೀಟರಿನ ಸಮುದ್ರ

ನಾನು ಪುಕ್ಕಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನ ಮಾತು ನಮ್ಮಿಬ್ಬರಿಗೂ ಸಲೀಸು. ಮನೆಗೆ ಬೀಗ ಹಾಕಿ ಬಸ್ ಸ್ಟಾಪಿನ ತನಕ ಹೋದವನು ಬೀಗ ಎಳೆದು ನೋಡಲು ವಾಪಸು ಬಂದದ್ದುಂಟು. ಗ್ಯಾಸ್ ಆರಿಸಿದ ಮೇಲೂ ಒಲೆಗೆ ಮೂಗು ಒಡ್ಡಿ ನೋಡುತ್ತೇನೆ. ಫೋನಿನಲ್ಲಿ ಗೊತ್ತಿಲ್ಲದ ನಂಬರು ಕಂಡರೆ ನೆಂಟರಲ್ಲಿ ಯಾರೋ ಹೋಗಿಬಿಟ್ಟರು ಎಂದೇ ಎದೆ ಹೊಡೆದುಕೊಳ್ಳುತ್ತದೆ. ಇಂಥವನ ಬಿ.ಪಿ. ನೋಡಿದ ಡಾಕ್ಟರು, "ಮನೇಲಿ ಮೀನು ಸಾಕಿ ಸಾರ್. ದಿನಾ ಅರ್ಧ ಗಂಟೆ ಸುಮ್ನೆ ನೋಡ್ತಾ ಕೂತ್ಕೊಳ್ಳಿ" ಎಂದರು. ಯಾವ ನೀರಿನ ಮೀನು ಎಂಬುದನ್ನು ಮಾತ್ರ ಆ ಪುಣ್ಯಾತ್ಮರು ಹೇಳಲಿಲ್ಲ.

ಹೇಳಿದ್ದರೆ ನಾನು ಶಿವಾಜಿನಗರದ ಅನ್ವರ್ ಭಾಯಿಯ ಮೀನಂಗಡಿಯಲ್ಲಿ ಬಾಗಿಲ ಬಳಿಯ ಗೋಲ್ಡ್ ಫಿಶ್ ಕೊಂಡು ಮನೆಗೆ ಬರುತ್ತಿದ್ದೆ. ಆದರೆ ಅಂಗಡಿಯ ಒಳಗೆ, ನೀಲಿ ದೀಪದ ಕೆಳಗೆ, ಹವಳ ಇತ್ತು. ಜೀವಂತ ಹವಳ. ಹಸಿರು, ನೇರಳೆ ಬಣ್ಣದ ಸಣ್ಣ ಸಣ್ಣ ಬಾಯಿಗಳು ಅರಳಿಕೊಂಡು ನೀರಿನಲ್ಲಿ ತೂಗುತ್ತಿದ್ದವು. ಗದಗಿನ ಬೋರ್‌ವೆಲ್ ನೀರು ಕುಡಿದು ಬೆಳೆದ ನಾನು ಸಮುದ್ರ ನೋಡಿದ್ದೇ ಇಪ್ಪತ್ತಾರನೆಯ ವಯಸ್ಸಿನಲ್ಲಿ, ಅದೂ ಮೊಣಕಾಲಿನವರೆಗೆ. ಸಮುದ್ರದೊಳಗೆ ಇಂಥದ್ದಿದೆ ಎಂದು ಕಂಡ ಮೇಲೆ ಬಿಟ್ಟು ಬರಲು ಮನಸ್ಸಾಗಲಿಲ್ಲ.

"ಟೆನ್ಶನ್ ನಕ್ಕೋ ಸಾರ್. ತುಂಬಾ ಈಸಿ" ಎಂದ ಅನ್ವರ್ ಭಾಯಿ, ಈಸಿಯಾದದ್ದನ್ನು ವಿವರಿಸಲು ಮುಕ್ಕಾಲು ಗಂಟೆ ತೆಗೆದುಕೊಂಡರು. ವಾರಕ್ಕೊಮ್ಮೆ ತೊಟ್ಟಿಯ ಐದರಲ್ಲೊಂದು ಪಾಲು ನೀರು ತೆಗೆದು ಹೊಸ ಸಮುದ್ರದ ನೀರು ತುಂಬಬೇಕು. ಆ ಸಮುದ್ರವನ್ನು ಮನೆಯಲ್ಲೇ ಕಲಸಿಕೊಳ್ಳಬೇಕು. ಉಪ್ಪು ಹೆಚ್ಚಾದರೆ ಹವಳ ಸಾಯುತ್ತದೆ, ಕಡಿಮೆಯಾದರೆ ಸಾಯುತ್ತದೆ, ಸರಿಯಾಗಿದ್ದೂ ಬಿಸಿ ತಪ್ಪಿದರೆ ಸಾಯುತ್ತದೆ. ಪ್ರತಿ ಸಾವಿನ ಕೊನೆಗೂ ಅವರು, "ಆದ್ರೆ ನೀವೇನೂ ಹೆದರ್ಬೇಡಿ ಸಾರ್" ಎಂದು ಸೇರಿಸುತ್ತಿದ್ದರು.

ಹೀಗೆ ಜೀವನ್ ಬಿಮಾ ನಗರದ ನಮ್ಮ ನೆಲಮಹಡಿಯ ಮನೆಯ ಹಿತ್ತಲ ಓಣಿಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಸಮುದ್ರದ ಕಾರ್ಖಾನೆ ಶುರುವಾಯಿತು. ಗೋಡೆಗೆ ಒಂದು ಫಿಲ್ಟರು. ನಲ್ಲಿ ನೀರಿನಲ್ಲಿರುವ ಕ್ಲೋರಿನ್, ಸುಣ್ಣ ಎಲ್ಲವನ್ನೂ ತೆಗೆದು, ರುಚಿಯೇ ಇಲ್ಲದ ನೀರನ್ನು ಹನಿಹನಿಯಾಗಿ ಇಳಿಸುತ್ತದೆ. ಅದರ ಕೆಳಗೆ ನೂರು ಲೀಟರಿನ ನೀಲಿ ಡ್ರಮ್ಮು, ಬುಡದಲ್ಲೊಂದು ನಲ್ಲಿ. ಒಳಗೆ ನೀರು ಸುತ್ತಿಸಲು ಪಂಪು, ಬೆಚ್ಚಗಿಡಲು ಹೀಟರು. ಡ್ರಮ್ಮಿನ ಒಳಮೈಗೆ ಅರವತ್ತು ಲೀಟರಿಗೆ ಸರಿಯಾಗಿ ಕೆಂಪು ಬಣ್ಣದಲ್ಲಿ ಗೆರೆ ಎಳೆದಿದ್ದೆ: ವಾರಕ್ಕೆ ನಲವತ್ತು ತೊಟ್ಟಿಗೆ, ಇಪ್ಪತ್ತು ಆಪತ್ತಿಗೆ. ಅಷ್ಟು ನೀರು ತುಂಬಿದ ಮೇಲೆ ಪಂಪು ಹಾಕಿ, ಸಮುದ್ರದ ಉಪ್ಪಿನ ಪುಡಿಯನ್ನು ಹಿಡಿ ಹಿಡಿಯಾಗಿ ಉದುರಿಸಬೇಕು. ನೀರಿಗೆ ಉಪ್ಪು ಹಾಕಬೇಕೇ ಹೊರತು ಉಪ್ಪಿನ ಮೇಲೆ ನೀರು ಹೊಯ್ಯಬಾರದು. ಹೊಯ್ದರೆ ಗಟ್ಟಿಯಾಗಿ ತಳ ಹಿಡಿಯುತ್ತದೆ. ನೀರಿನ ಪಕ್ಕ ಕರೆಂಟು ಎಂದ ಮೇಲೆ ನನ್ನ ಅವಸ್ಥೆ ಕೇಳಬೇಡಿ. ಮೊದಲ ತಿಂಗಳು ರಬ್ಬರ್ ಚಪ್ಪಲಿ ಹಾಕಿಕೊಂಡು, ಒಂದು ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ಸ್ವಿಚ್ಚು ಒತ್ತುತ್ತಿದ್ದೆ.

ಪುರಾಣದ ಪ್ರಕಾರ ಸಮುದ್ರಗಳು ಏಳು. ಉಪ್ಪಿನದು, ಕಬ್ಬಿನ ಹಾಲಿನದು, ಹೆಂಡದ್ದು, ತುಪ್ಪದ್ದು, ಮೊಸರಿನದು, ಹಾಲಿನದು, ಸಿಹಿನೀರಿನದು. ಇಷ್ಟು ಧಾರಾಳವಾದ ಪಟ್ಟಿಯಲ್ಲಿ ಮನುಷ್ಯರ ಪಾಲಿಗೆ ಬಂದದ್ದು ಉಪ್ಪಿನದು ಮಾತ್ರ. ಅಗಸ್ತ್ಯರು ಅದನ್ನೇ ಒಂದು ಗುಟುಕಿಗೆ ಕುಡಿದರಂತೆ. ಕುಡಿಯುವುದೇನು ಮಹಾ, ಒಂದು ಸಲ ಕಲಸಿ ನೋಡಬೇಕಿತ್ತು! ಉಪ್ಪಳೆಯಲು ನನ್ನ ಹತ್ತಿರ ಬೆರಳುದ್ದದ ದುರ್ಬೀನಿನಂಥದ್ದು ಒಂದಿದೆ. ಅದರ ಗಾಜಿಗೆ ಒಂದು ಹನಿ ನೀರು ಬಿಟ್ಟು ಬೆಳಕಿಗೆ ಹಿಡಿದರೆ, ನೀಲಿ ಬಿಳಿ ಸೇರುವ ಗೆರೆ ಮೂವತ್ತೈದರ ಮೇಲೆ ನಿಲ್ಲಬೇಕು. ನಿಂತರೂ ನನಗೆ ಸಮಾಧಾನವಿಲ್ಲ. ಎಡಗಣ್ಣಿನಲ್ಲಿ ನೋಡಿ, ಬಲಗಣ್ಣಿನಲ್ಲಿ ನೋಡಿ, ಕನ್ನಡಕ ತೆಗೆದು ಮತ್ತೊಮ್ಮೆ ನೋಡುತ್ತಿದ್ದೆ.

ಈ ನಡುವೆ ನಮ್ಮವ್ವ ಗದಗಿನಿಂದ ಬಂದು ನಮ್ಮೊಂದಿಗೇ ಉಳಿದಳು. ಅವಳಿಗೆ ಹವಳವೆಂದರೆ ಕೊರಳ ಸರದಲ್ಲಿ ಪೋಣಿಸುವ ಕೆಂಪು ಕಾಳು. ಅದಕ್ಕೆ ಜೀವವಿದೆ ಎಂದು ತಿಳಿದ ದಿನ ಗಾಜಿಗೆ ಮುಖ ಒತ್ತಿ ಕೂತವಳು ಚಹಾ ಆರಿದರೂ ಏಳಲಿಲ್ಲ. ತೊಟ್ಟಿಯಲ್ಲಿ ಎರಡು ಕಿತ್ತಳೆ ಬಣ್ಣದ ಕ್ಲೌನ್ ಮೀನುಗಳಿದ್ದವು. ಈ ಜಾತಿಯಲ್ಲಿ ಹೆಣ್ಣೇ ದೊಡ್ಡದು, ಹೆಣ್ಣಿನದೇ ದರ್ಬಾರು ಎಂದು ನಾನು ಹೇಳಿದ್ದೇ ತಡ, ಅವಕ್ಕೆ ಗೌಡ್ತಿ, ಗೌಡ ಎಂದು ಹೆಸರಾಯಿತು. ಬೆಳಗಿನ ಚಹಾ ಅವರ ಎದುರಿಗೇ. "ಗೌಡ್ತಿ, ಇವತ್ತು ಮಾರಿ ಯಾಕ ಉಬ್ಬಿಸೀಯ? ಗೌಡ ಏನಂದಾ?" ಎಂದು ಮಾತಾಡಿಸುತ್ತಿದ್ದಳು. ಅಪ್ಪ ಹೋದ ಮೇಲೆ ಅವಳು ಹಾಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನ್ನ ಭಯಕ್ಕೆ ಇದೂ ಒಂದು ಸೇರಿತು. ಈಗ ತೊಟ್ಟಿಗೆ ಏನಾದರೂ ಆದರೆ ಮೀನು ಹೋಗುವುದಷ್ಟೇ ಅಲ್ಲ, ಅವಳ ಆ ಮಾತೂ ನಿಂತುಹೋಗುತ್ತದಲ್ಲ ಎಂಬ ಭಯ.

ಒಂದು ಶನಿವಾರ ಸಂಜೆ ನೀರು ಕಲಸಿ, ಮೂರು ಸಲ ಅಳೆದು, ಪಂಪು ತಿರುಗಲು ಬಿಟ್ಟೆ. ಭಾನುವಾರ ಬೆಳಿಗ್ಗೆ ತೊಟ್ಟಿಗೆ ಹಾಕುವ ಮುಂಚೆ ನಾಲ್ಕನೆಯ ಸಲ ಅಳೆಯಲು ಹೊರಟಾಗ ಹೆಂಡತಿ ಸುಧಾ ನಕ್ಕಳು.

"ರೀ, ನಿನ್ನೆ ಮೂರು ಸಲ ನೋಡಿದ್ರಲ್ಲ! ರಾತ್ರಿ ಯಾರಾದ್ರೂ ಬಂದು ಉಪ್ಪು ಕದ್ಕೊಂಡು ಹೋಗಿರ್ತಾರಾ?"

ನನಗೂ ನಾಚಿಕೆಯಾಯಿತು. ಐವತ್ತೆರಡು ವರ್ಷದ ಗಂಡಸು, ಒಂದು ದಿನವಾದರೂ ಧೈರ್ಯವಾಗಿರಬಾರದೇ ಎನ್ನಿಸಿ, ಉಪ್ಪಳೆಯುವ ದುರ್ಬೀನನ್ನು ಪೆಟ್ಟಿಗೆಗೆ ಹಾಕಿದೆ. ಡ್ರಮ್ಮಿನೊಳಗೆ ಬಗ್ಗಿಯೂ ನೋಡಲಿಲ್ಲ. ಇನ್ನೂರು ಲೀಟರಿನ ತೊಟ್ಟಿಯಿಂದ ನಲವತ್ತು ಲೀಟರ್ ಹಳೆಯ ನೀರು ತೆಗೆದು, ಡ್ರಮ್ಮಿನ ಬುಡದ ನಲ್ಲಿಯಿಂದ ಬಕೆಟ್ಟು ಬಕೆಟ್ಟಾಗಿ ಹೊಸದನ್ನು ಹಿಡಿದು ಸುರಿದೆ. ಸುರಿಯುತ್ತ ಸಣ್ಣಗೆ ಶಿಳ್ಳೆ ಕೂಡ ಹಾಕಿದೆನೆಂದು ಕಾಣುತ್ತದೆ.

ಕಾಲು ಗಂಟೆಯಲ್ಲಿ ಹವಳಗಳು ಒಂದೊಂದಾಗಿ ಬಾಯಿ ಮುಚ್ಚಿದವು. ಗೌಡ್ತಿ ಕಲ್ಲಿನ ಹಿಂದೆ ಸೇರಿಕೊಂಡಳು. ಗೌಡ ಮರಳಿನ ಮೇಲೆ ವಾಲಿಕೊಂಡು ಕಿವಿರು ಪಟಪಟ ಬಡಿಯುತ್ತಿದ್ದ. ದುರ್ಬೀನು ಹೊರತೆಗೆದು ಎರಡು ಸಲ ಬಿಟ್ಟರೂ ಹನಿ ಗಾಜಿನ ಮೇಲೆ ಕೂರಲಿಲ್ಲ. ಕೊನೆಗೆ ನೋಡಿದರೆ ತೊಟ್ಟಿಯಲ್ಲಿ ಮೂವತ್ತೆರಡು. ಡ್ರಮ್ಮಿನ ನೀರು ಇಪ್ಪತ್ತೊಂದು! ಹಿತ್ತಲಿಗೆ ಓಡಿ ಡ್ರಮ್ಮಿಗೆ ಬಗ್ಗಿದೆ. ತೇವದ ಗುರುತು ಅಂಚಿನ ತನಕ ಇತ್ತು; ನಲವತ್ತು ಲೀಟರ್ ತೆಗೆದ ಮೇಲೂ ನೀರು ಕೆಂಪು ಗೆರೆಯಲ್ಲೇ ನಿಂತಿತ್ತು. ಪಕ್ಕದಲ್ಲಿ ಬಕೆಟ್ಟು, ಕೊಡ, ತಂಬಿಗೆ, ಕೊನೆಗೆ ಹಲ್ಲುಜ್ಜುವ ಮಗ್ಗು ಕೂಡ ತುಳುಕುತ್ತಿದ್ದವು. ನೀರು ಬಿಡುವ ದಿನ ಆ ವಾರದಿಂದ ಭಾನುವಾರಕ್ಕೆ ಬದಲಾಗಿ, ಬೆಳಿಗ್ಗೆ ಐದೂವರೆಗೆ ಕಾವೇರಿ ನೀರು ಬಂದಿದೆ. ನಾವೆಲ್ಲ ಮಲಗಿದ್ದಾಗ ಅವ್ವ ಎದ್ದಿದ್ದಾಳೆ.

ನೀರು ಬಂದಾಗ ಮನೆಯಲ್ಲಿ ಒಂದು ಪಾತ್ರೆ ಖಾಲಿ ಉಳಿಯಬಾರದು. ಹದಿನೈದು ದಿನಕ್ಕೊಮ್ಮೆ ನಲ್ಲಿ ಬರುತ್ತಿದ್ದ ಊರಿನಲ್ಲಿ ನಾಲ್ಕು ಮಕ್ಕಳನ್ನು ಸಾಕಿದವಳಿಗೆ ಅದು ಉಸಿರಾಟದಷ್ಟೇ ಸಹಜ. ಮುಕ್ಕಾಲು ಕೂಡ ತುಂಬದ ಡ್ರಮ್ಮನ್ನು ಕಂಡೂ ಸುಮ್ಮನಿರುತ್ತಾಳೆಂದು ಅಂದುಕೊಂಡದ್ದು ನನ್ನದೇ ದಡ್ಡತನ. ಫಿಲ್ಟರು ಕಾಣದ ಹಸಿ ನಲ್ಲಿ ನೀರು, ಕ್ಲೋರಿನ್ ಸಮೇತ, ಈಗ ಹವಳದ ಬಾಯಲ್ಲಿತ್ತು. ಆದರೆ ಅದನ್ನು ಅವಳಿಗೆ ಹೇಳುವುದು ಹೇಗೆ? ಹಜಾರದಿಂದ ಕೂಗಿದಳು: "ಗೌಡ್ತಿ ಎಲ್ಲಿ ಹೋದಳೋ? ಕಾಣವಲ್ಲಳು." ನಾನು ಪಂಪು ಸರಿಯಿಲ್ಲವೆಂದು ಸುಳ್ಳು ಹೇಳಿದೆ.

ಅನ್ವರ್ ಭಾಯಿಗೆ ಫೋನು ಮಾಡಿ ಪಿಸುಗುಟ್ಟಿದೆ. ಅವರು ಈ ಸಲ ಟೆನ್ಶನ್ ನಕ್ಕೋ ಎನ್ನಲಿಲ್ಲ. ಕ್ಲೋರಿನ್ ಕಳೆಯುವ ಔಷಧಿ ತಕ್ಷಣ ಹಾಕಿಸಿದರು. "ಉಪ್ಪು ಮಾತ್ರ ಒಂದೇ ಸಲಕ್ಕೆ ಏರಿಸ್ಬೇಡಿ ಸಾರ್. ಆವಿಯಾದಷ್ಟು ಜಾಗಕ್ಕೆ ದಿನಾ ಸ್ವಲ್ಪ ಸ್ವಲ್ಪ ಉಪ್ಪುನೀರು ಹಾಕಿ. ಮೂರ್ನಾಲ್ಕು ದಿನ ಆಗುತ್ತೆ. ಬದುಕಿದ್ರೆ ಬದುಕ್ತಾವೆ."

"ಅವ್ವ ಹಾಕಿದ ನೀರಿಂದಲೇ ಹೀಗಾಯ್ತು ಅಂತ ಅವಳಿಗಿನ್ನೂ ಗೊತ್ತಿಲ್ಲ" ಎಂದು ಹೇಳಿ ತಿರುಗಿದರೆ ಅವ್ವ ಬಾಗಿಲಲ್ಲೇ ನಿಂತಿದ್ದಳು.

"ನಾನಽ ಕೊಂದ್ನೇನೋ?" ಎಂದಳು.

ಅವಳು ತೊಟ್ಟಿಯ ಎದುರು ಕುಕ್ಕರಗಾಲಲ್ಲಿ ಕೂತಳು. ಆಮೇಲೆ ಗಾಜಿಗೆ ಹೇಳಿದಳೋ ನನಗೆ ಹೇಳಿದಳೋ, "ಕೊಡ ಖಾಲಿ ಕಂಡ್ರ ನನಗ ಎದಿ ಝಲ್ ಅಂತೈತಿ. ನೀವು ಸಣ್ಣಾವ್ರಿದ್ದಾಗ ನೀರು ತೀರಿತಂದ್ರ ಏನ್ ಮಾಡ್ಲಿ ಅಂತ ನಿದ್ದಿ ಬರ್ತಿರಲಿಲ್ಲ. ಈಗೂ ಅಂಜಿಕಿ ಹೋಗಿಲ್ಲ ನೋಡು" ಎಂದಳು. ಅವ್ವನಿಗೆ ಅಂಜಿಕೆ! ಇಡೀ ಓಣಿಯ ಹೆಂಗಸರನ್ನು ದಾಟಿಕೊಂಡು ನಲ್ಲಿ ಹಿಡಿಯುತ್ತಿದ್ದವಳನ್ನು ನಾನು ಗಟ್ಟಿಗಿತ್ತಿ ಎಂದೇ ತಿಳಿದಿದ್ದೆ. ನನ್ನ ಬೀಗ ಎಳೆಯುವ ರೋಗ ಯಾವ ಕಡೆಯಿಂದ ಬಂತೆಂದು ಐವತ್ತೆರಡು ವರ್ಷ ಹುಡುಕಿದ್ದು ಅಪ್ಪನ ಕಡೆಯಲ್ಲಿ.

ಸೋಮವಾರ ಗೌಡ ಎದ್ದ, ಆದರೆ ಊಟ ಮುಟ್ಟಲಿಲ್ಲ. ನಾನು ಆಫೀಸಿಗೆ ರಜೆ ಹಾಕಿದೆ. ಅವ್ವ ಆ ಎರಡು ದಿನವೂ ಮೀನುಗಳನ್ನು ಮಾತಾಡಿಸಲಿಲ್ಲ. ಚಹಾ ಅಡುಗೆಮನೆಯಲ್ಲೇ ನಿಂತು ಕುಡಿದಳು. ಮಂಗಳವಾರ ಮಧ್ಯಾಹ್ನ ನಾನು ಸ್ನಾನಕ್ಕೆ ಹೋಗಿದ್ದಾಗ ಹಜಾರದಿಂದ ದನಿ ಕೇಳಿಸಿತು. "ಏನ ಗೌಡ್ತಿ, ಸಿಟ್ಟು ಇಳೀತೇನು? ತಿನ್ನು, ತಿನ್ನು." ಮೈಮೇಲೆ ಸೋಪಿನ ನೊರೆ ಇದ್ದಂತೆಯೇ ನಾನು ಬಚ್ಚಲಲ್ಲಿ ಕೂತು ಅತ್ತುಬಿಟ್ಟೆ. ಒಂದು ಹವಳ ಸತ್ತಿತು. ಉಳಿದವು ವಾರದೊಳಗೆ ಅರಳಿದವು.

ಮುಂದಿನ ಶನಿವಾರ ಮತ್ತೆ ಅರವತ್ತು ಲೀಟರ್ ಕಲಸಿಟ್ಟೆ. ಭಾನುವಾರ ಐದೂವರೆಗೆ ನಲ್ಲಿ ಗೊರಗೊರ ಎಂದಾಗ ನಾನೂ ಎದ್ದು, ಅಡುಗೆಮನೆಯ ಕಿಟಕಿಯಿಂದ ಕದ್ದು ನೋಡುತ್ತ ನಿಂತೆ. ಅವ್ವ ಎಲ್ಲ ತುಂಬಿದಳು. ಆಮೇಲೆ ಪೈಪು ಕೈಯಲ್ಲಿ ಹಿಡಿದು ಡ್ರಮ್ಮಿನ ಎದುರು ನಿಂತಳು. ಕೆಂಪು ಗೆರೆಯ ಮೇಲಿನ ಆ ಖಾಲಿ ಜಾಗವನ್ನೇ ನೋಡುತ್ತಿದ್ದಳು. ನೀರು ಸುಮ್ಮನೆ ಅವಳ ಕಾಲ ಮೇಲೆ ಹರಿದು ಹೋಗುತ್ತಿತ್ತು. ನಾನು ಕೂಗಲಿಲ್ಲ. ಕೊನೆಗೆ ಪೈಪು ಕೆಳಗಿಟ್ಟು ಒಳಗೆ ಬಂದವಳು, ರೊಟ್ಟಿಯ ಹಿಟ್ಟು ನಾದುವ ದೊಡ್ಡ ಪರಾತ ಎತ್ತಿಕೊಂಡು ಹೋಗಿ ಡ್ರಮ್ಮಿನ ಬಾಯಿಗೆ ಮುಚ್ಚಿದಳು. ತಿರುಗುವಾಗ ಕಿಟಕಿಯಲ್ಲಿ ನನ್ನನ್ನು ಕಂಡಳು.

"ಕಾಣಲಿಲ್ಲಂದ್ರ ತಡ್ಕೋತೀನಿ" ಎಂದಳು. "ನೀ ಮಾತ್ರ ಇನ್ನೊಂದ್ಸಲ ಅಳದಽ ಹಾಕು."