ಮೂರು ಕಪಾಟಿಗೆ ಲೋಕ ಆರಿಸುವ ಅಟ್ಲಾಸಕ್ಕ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಬೀದಿದೀಪಗಳು ಆರಿಲ್ಲ, ಹಾಲಿನ ವ್ಯಾನು ಆಗಷ್ಟೇ ತಿರುವು ದಾಟಿದೆ. ಗ್ರಂಥಾಲಯದ ಮಹಡಿಯ ಮೂಲೆ ಕೋಣೆಯಲ್ಲಿ ಐವತ್ತೇಳರ ಹೆಂಗಸೊಬ್ಬರು ಪೂರ್ವದ ಕಿಟಕಿ ತೆರೆದು, ಕನ್ನಡಕವನ್ನು ಹಣೆಗೇರಿಸಿ, ಹಳೆಯ ಅಟ್ಲಾಸಿನ ಮಡಚಿದ ನಕ್ಷೆಯೊಂದನ್ನು ಬಿಡಿಸಿ ಬೆಳಕಿಗೆ ಹಿಡಿಯುತ್ತಾರೆ. ಮಡಿಕೆಗಳು ಒಂದಕ್ಕೊಂದು ಸೇರುವ ಕಡೆ ಸೂಜಿಮೊನೆಯಷ್ಟು ತೂತುಗಳು ಕಾಣುತ್ತವೆ. ತುಟಿ ಅಲ್ಲಾಡಿಸುತ್ತಾ ಎಣಿಸುತ್ತಾರೆ.

"ಏಳು ತೂತು. ಎರಡು ಊರು ಪೂರ್ತಿ ಹೋಗಿವೆ. ಪರವಾಗಿಲ್ಲ, ಬದುಕಿಸಬಹುದು" ಎನ್ನುತ್ತಾ ನಕ್ಷೆಯನ್ನು ಮೊದಲಿನ ಮಡಿಕೆಯಲ್ಲೇ ಮಡಚುತ್ತಾರೆ. "ಈ ಹೊತ್ತು ಬಿಟ್ರೆ ಇಂಥ ಬೆಳಕು ಸಿಗಲ್ಲ ನೋಡಿ. ಟ್ಯೂಬ್‌ಲೈಟ್ ಕೆಳಗೆ ಎಲ್ಲ ಹಾಳೆನೂ ಚೆನ್ನಾಗೇ ಕಾಣ್ಸುತ್ತೆ."

ಕಾಗದಪತ್ರದ ಪ್ರಕಾರ ಅವರು ಇಲ್ಲಿ ಅಟೆಂಡರು. ಗುಡಿಸುವುದು, ಧೂಳು ಹೊಡೆಯುವುದು, ಓದುಗರು ಎಲ್ಲೆಂದರಲ್ಲಿ ಬಿಟ್ಟುಹೋದ ಪುಸ್ತಕಗಳನ್ನು ಜಾಗಕ್ಕೆ ಸೇರಿಸುವುದು, ಹರಿದದ್ದಕ್ಕೆ ಬೈಂಡು ಹಾಕುವುದು, ಇಷ್ಟೇ ಅವರ ಕೆಲಸ. ಆದರೆ ಮೂವತ್ತೊಂದು ವರ್ಷಗಳಿಂದ ಪ್ರವಾಸದ ಪುಸ್ತಕಗಳ ಕೋಣೆ ಅವರ ಕೈಯಲ್ಲೇ ಇದೆ. ಯಾವ ಪುಸ್ತಕ ಓದಬೇಕು, ಯಾವುದನ್ನು ನಂಬಬೇಕು, ಯಾವುದನ್ನು ಬರೀ ಚಿತ್ರ ನೋಡಿ ಮಡಚಿಡಬೇಕು ಎಂದು ಕೇಳಿದರೆ ಮೇಲಿನ ಅಧಿಕಾರಿಗಳೂ ಇವರ ಕಡೆಗೇ ಬೆರಳು ತೋರಿಸುತ್ತಾರೆ. ಎಲ್ಲರ ಬಾಯಲ್ಲೂ ಇವರು ಅಟ್ಲಾಸಕ್ಕ. "ನನ್ನ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇದೆ. ಯಾರಾದ್ರೂ ಅದನ್ನ ಕೂಗಿದ್ರೆ ನಾನೇ ತಿರುಗಿ ನೋಡಲ್ಲ" ಎಂದು ನಗುತ್ತಾರೆ.

ಈ ವಾರ ಮಾತ್ರ ನಗು ಕಡಿಮೆ. ಮಹಡಿಯ ಈ ಕೋಣೆ ಕಂಪ್ಯೂಟರ್ ತರಗತಿಗೆ ಹೋಗುತ್ತಿದೆ. ಇಲ್ಲಿರುವುದು ಸಾವಿರದ ಎಂಟುನೂರ ನಲವತ್ತು ಪುಸ್ತಕ. ಕೆಳಗಿನ ಹಜಾರದಲ್ಲಿ ಇವಕ್ಕೆಂದು ಸಿಕ್ಕಿರುವುದು ಮೂರು ಕಪಾಟು, ಕಪಾಟಿಗೆ ಎಪ್ಪತ್ತರಂತೆ ಇನ್ನೂರ ಹತ್ತು ಪುಸ್ತಕಕ್ಕೆ ಜಾಗ. ಉಳಿದದ್ದು ಸೋಮವಾರ ಲಾರಿ ಹತ್ತಿ ಕಾಗದದ ಕಾರ್ಖಾನೆಗೆ ಹೋಗುತ್ತದೆ. ನಾಲ್ಕು ತಿಂಗಳ ಹಿಂದೆ ಬಂದ ಗ್ರಂಥಪಾಲಕರು ಪ್ರಾಮಾಣಿಕ ಮನುಷ್ಯ. "ನನಗೆ ಇವು ಯಾವುದೂ ಗೊತ್ತಿಲ್ಲ ಅಕ್ಕ, ನೀವೇ ಆರಿಸಿ" ಎಂದು ಕೈಮುಗಿದುಬಿಟ್ಟಿದ್ದಾರೆ. ಇವತ್ತು ಗುರುವಾರ. ಶನಿವಾರ ಸಂಜೆ ಗ್ರಂಥಾಲಯ ಸಮಿತಿಯ ಕಾರ್ಯದರ್ಶಿ ಬಂದು ನೋಡುತ್ತಾರೆ.

"ಆರಿಸೋದು ಅಂದ್ರೆ ಎಲ್ರೂ ದೊಡ್ಡಸ್ತಿಕೆ ಅಂದ್ಕೋತಾರೆ. ಒಂದನ್ನ ಎತ್ತಿಟ್ಟಾಗೆಲ್ಲ ಎಂಟನ್ನ ನಾನೇ ಕೈಯಾರೆ ಲಾರಿಗೆ ಹಾಕಿದ ಹಾಗೆ. ನಿನ್ನೆಯಿಂದ ಅನ್ನ ಸೇರ್ತಾ ಇಲ್ಲ" ಎನ್ನುತ್ತಾರೆ ಅಟ್ಲಾಸಕ್ಕ. ಮರುಕ್ಷಣವೇ ಮುಂದಿನ ಪುಸ್ತಕಕ್ಕೆ ಕೈಹಾಕುತ್ತಾರೆ.

ಅವರ ಆರಿಸುವ ಕ್ರಮ ಯಾವ ತರಬೇತಿಯಲ್ಲೂ ಕಲಿಸುವಂಥದ್ದಲ್ಲ. ಮಾರ್ಗದರ್ಶಿ ಪುಸ್ತಕ ಸಿಕ್ಕರೆ ಮೊದಲು ನೋಡುವುದು ಸ್ವಂತ ಊರಿನ ಪುಟವನ್ನು. ಒಂದರಲ್ಲಿ ಈ ಊರ ಮಾರುಕಟ್ಟೆಯಲ್ಲಿ ಎರಡು ಗಡಿಯಾರ ಗೋಪುರಗಳಿವೆ ಎಂದು ಬರೆದಿದೆ. ಇರುವುದು ಒಂದೇ, ಅದೂ ಹನ್ನೆರಡು ವರ್ಷಗಳಿಂದ ನಾಲ್ಕೂಕಾಲು ತೋರಿಸುತ್ತಾ ನಿಂತಿದೆ. "ಮನೆ ಗೆದ್ದು ಮಾರು ಗೆಲ್ಲು ಅಂತಾರಲ್ಲ. ನಮ್ಮೂರಿಗೇ ಬರದೆ ನಮ್ಮೂರ ಬಗ್ಗೆ ಬರ್ದೋನು ಏಳು ಸಮುದ್ರದಾಚೆಯ ಊರನ್ನ ನೆಟ್ಟಗೆ ನೋಡಿರ್ತಾನಾ?" ಹೊಳೆಯುವ ಹೊದಿಕೆಯ ದಪ್ಪ ಪುಸ್ತಕ ಮುಲಾಜಿಲ್ಲದೆ ಎಡಗಡೆಯ, ಲಾರಿಗೆ ಹೋಗುವ ರಾಶಿಗೆ ಬೀಳುತ್ತದೆ.

ಪ್ರವಾಸ ಕಥನವಾದರೆ ಪರೀಕ್ಷೆ ಬೇರೆ. ಬರೆದವರು ಎಲ್ಲಾದರೂ ದಾರಿ ತಪ್ಪಿದ್ದಾರೆಯೇ, ಹೊಟ್ಟೆ ಕೆಡಿಸಿಕೊಂಡಿದ್ದಾರೆಯೇ, ಯಾರ ಮೇಲಾದರೂ ಸುಮ್ಮಸುಮ್ಮನೆ ರೇಗಿ ಆಮೇಲೆ ನಾಚಿಕೊಂಡಿದ್ದಾರೆಯೇ ಎಂದು ಹುಡುಕುತ್ತಾರೆ. ಮುನ್ನೂರು ಪುಟ ಸುತ್ತಿಯೂ ಏನೂ ಆಗದವರು ಮನೆಯಲ್ಲೇ ಕೂತು ಬರೆದಿದ್ದಾರೆ ಎನ್ನುವುದು ಅವರ ತೀರ್ಮಾನ. ಅಟ್ಲಾಸಿಗೆ ಹಿಂದಿನಿಂದ ಪರೀಕ್ಷೆ. ಊರ ಹೆಸರುಗಳ ಅಕಾರಾದಿ ಪಟ್ಟಿ ಇರಬೇಕು, ಅದರಲ್ಲಿ ಸಣ್ಣ ಊರುಗಳೂ ಇರಬೇಕು. "ಪಟ್ಟಿ ಇಲ್ಲದ ಅಟ್ಲಾಸು ಹಗ್ಗ ಇಲ್ಲದ ಬಾವಿ. ನೀರು ಕಾಣುತ್ತೆ, ಕುಡಿಯೋಕೆ ಆಗಲ್ಲ."

ಇಷ್ಟೆಲ್ಲ ತಿಳಿದದ್ದು ಹೇಗೆ? ಹತ್ತನೇ ತರಗತಿ ಮುಗಿಸಿ, ಮದುವೆಯಾಗಿ, ಮಗಳು ಶಾಲೆಗೆ ಸೇರಿದ ವರ್ಷ ತಾತ್ಕಾಲಿಕವೆಂದು ಬಂದವರು ಇವರು. ಬೈಂಡಿನ ಕೆಲಸ ಕಲಿಸಿದ್ದು ಆಗ ನಿವೃತ್ತಿಯ ಅಂಚಿನಲ್ಲಿದ್ದ ಮುದುಕರೊಬ್ಬರು. ಪುಸ್ತಕ ಕಲಿಸಿದ್ದು ಮಾತ್ರ ಗಂಡ. ಅವರು ಲಾರಿ ಓಡಿಸುತ್ತಿದ್ದವರು, ಓದಿದ್ದು ರಸ್ತೆಬದಿಯ ಮೈಲಿಗಲ್ಲು ಅಷ್ಟೇ. ನಾಲ್ಕು ದಿನದ ದಾರಿ ಸವೆಸಿ ಬಂದವರು ಬೂಟು ಬಿಚ್ಚುವ ಮೊದಲೇ ಹೆಂಡತಿ ಮಾರ್ಗದರ್ಶಿ ತೆರೆದು ಎದುರು ನಿಲ್ಲುತ್ತಿದ್ದರು. ಸೇತುವೆ ದಾಟಿದ ಮೇಲೆ ಎಡಕ್ಕೆ ರೈಲು ನಿಲ್ದಾಣ ಇದೆಯೋ ಇಲ್ಲವೋ? ಘಟ್ಟದ ತುದಿಯಲ್ಲಿ ಚಹಾದಂಗಡಿ ನಿಜವೋ?

"ಅಜ್ಜಿಗೆ ಅರಿವೆ ಚಿಂತೆ ಅನ್ನೋ ಹಾಗೆ ನಾನು ಬೆನ್ನು ಮುರ್ಕೊಂಡು ಬಂದ್ರೆ ಇವಳಿಗೆ ಚಹಾದಂಗಡಿ ಚಿಂತೆ!" ಎಂದು ಲಾರಿ ಬಿಟ್ಟು ಈಗ ಮನೆಯಲ್ಲೇ ಇರುವ ಯಜಮಾನರು ಸಂಜೆ ಮನೆಗೆ ಹೋದಾಗ ರೇಗಿಸುತ್ತಾರೆ. "ಒಂದ್ಸಲ ಇವಳ ಪುಸ್ತಕಕ್ಕೋಸ್ಕರ ಹನ್ನೊಂದು ಮೈಲಿ ಸುತ್ತು ಹಾಕಿದ್ದೀನಿ, ಗೊತ್ತಾ? ಮಾಲೀಕರಿಗೆ ಟೈರ್ ಪಂಕ್ಚರ್ ಅಂತ ಸುಳ್ಳು ಹೇಳಿದ್ದೆ." ಅಟ್ಲಾಸಕ್ಕ ಗಂಡನತ್ತ ಕಣ್ಣು ಬಿಡುತ್ತಾರೆ. ಈ ಗುಟ್ಟು ಅವರಿಗೂ ಇವತ್ತೇ ಗೊತ್ತಾದದ್ದು.

ಆ ದಿನಗಳನ್ನು ನೆನೆದರೆ ಅವರ ಮುಖವೇ ಬೇರೆಯಾಗುತ್ತದೆ. ಆಗ ದಿನಕ್ಕೆ ಅರವತ್ತು ಜನ ಈ ಮೆಟ್ಟಿಲು ಹತ್ತುತ್ತಿದ್ದರು. ಈಗ ಏಳೋ ಎಂಟೋ. ಸಮುದ್ರದ ಪುಸ್ತಕ ಬಿಟ್ಟು ಬೇರೇನೂ ಮುಟ್ಟದ ಬಸ್ ಕಂಡಕ್ಟರ್ ಒಬ್ಬರಿದ್ದರು. ಹೊಸದಾಗಿ ಮದುವೆಯಾದವರು ಮೂಲೆಯಲ್ಲಿ ಒಂದೇ ಪುಸ್ತಕಕ್ಕೆ ಎರಡು ತಲೆ ಬಗ್ಗಿಸಿ ಕೂತು, ಯಾವತ್ತೂ ಹೋಗದ ಊರಿನ ವಸತಿಗೃಹ ಆರಿಸುತ್ತಿದ್ದರು. ನಿವೃತ್ತ ಪೋಸ್ಟ್‌ಮಾಸ್ಟರರು ರೈಲು ನಕ್ಷೆ ಹರಡಿಕೊಂಡು ಕೂತರೆ ಬಾಗಿಲು ಹಾಕುವ ಹೊತ್ತಿಗೆ, "ಇನ್ನೆರಡು ಸ್ಟೇಷನ್ ಇದೆ ತಾಯಿ, ಇಳಿದುಬಿಡ್ತೀನಿ" ಎನ್ನುತ್ತಿದ್ದರು. "ಎಂಥ ಕಾಲ! ಒಬ್ರಿಗೂ ಅವಸರ ಇರ್ಲಿಲ್ಲ. ಈ ಕೋಣೆ ತುಂಬ ಜನ ಇದ್ರೂ ಫ್ಯಾನಿನ ಸದ್ದು ಕೇಳ್ಸೋದು" ಎನ್ನುವ ಅಟ್ಲಾಸಕ್ಕನಿಗೆ ಆ ಸದ್ದಿನ ನೆನಪೂ ಪ್ರೀತಿಯದು.

ಒಂದು ನೆನಪು ಮಾತ್ರ ಮುಳ್ಳು. ಇಪ್ಪತ್ತೆರಡು ವರ್ಷದ ಹಿಂದೆ ನದೀತೀರದ ಊರುಗಳ ಮಾರ್ಗದರ್ಶಿಯೊಂದು ಚಿಂದಿಯಾಗಿತ್ತು. ಅದಕ್ಕೆ ಅವರು ಜೀವಮಾನದ ಬೈಂಡು ಹಾಕಿದರು. ಹಸಿರು ಬಟ್ಟೆ, ನೇರ ಅಂಚು, ಎಲ್ಲ ಅಚ್ಚುಕಟ್ಟು. ಹರಿದ ಮೊದಲ ಹಾಳೆಯನ್ನು ಕಿತ್ತು ಬಿಸಾಡಿದ್ದರು. ಪ್ರಕಟವಾದ ವರ್ಷ ಇದ್ದದ್ದು ಆ ಹಾಳೆಯಲ್ಲೇ. ಹದಿನಾಲ್ಕು ವರ್ಷದ ಹಳೆಯ ಪುಸ್ತಕ ಹೊಸದರಂತೆ ಕಪಾಟಿನಲ್ಲಿ ಕೂತಿತು. ಕಾಯಿಲೆ ಬಿದ್ದ ಅಣ್ಣನನ್ನು ನೋಡಲು ಹೊರಟ ಟೈಲರ್ ಒಬ್ಬರು ಅದನ್ನೇ ನಂಬಿ ಒಯ್ದರು. ಸಂಜೆ ನಾಲ್ಕರ ದೋಣಿ ಎಂದು ಅದರಲ್ಲಿ ಬರೆದಿತ್ತು. ದೋಣಿ ನಿಂತು ಆರು ವರ್ಷವಾಗಿತ್ತು. ಸುತ್ತು ಹಾಕಿ ಬಸ್ಸಿನಲ್ಲಿ ಮಾರನೇ ದಿನ ತಲುಪಿದಾಗ ಅಣ್ಣ ತೀರಿಕೊಂಡು ಎರಡು ಗಂಟೆಯಾಗಿತ್ತು.

"ಅವರು ಬೈಲಿಲ್ಲ. ತಾರೀಕಿಗೆ ಸರಿಯಾಗಿ ವಾಪಸ್ ತಂದ್ರು. ಪುಸ್ತಕ ಚೆನ್ನಾಗಿದೆ ಅಕ್ಕ, ದೋಣಿ ಮಾತ್ರ ಇರ್ಲಿಲ್ಲ ಅಂದ್ರು. ಎರಡು ಬೈದಿದ್ರೆ ಇಷ್ಟು ವರ್ಷ ಹೀಗೆ ಚುಚ್ತಿರ್ಲಿಲ್ಲ." ಅಂದಿನಿಂದ ಅಟ್ಲಾಸಕ್ಕ ತಮ್ಮ ಕೈಗೆ ಬಂದ ಪ್ರತಿ ಪುಸ್ತಕದ ಬೆನ್ನಿನ ಮೇಲೆ ವರ್ಷವನ್ನು ಬಿಳಿ ಬಣ್ಣದಲ್ಲಿ ಬರೆಯುತ್ತಾರೆ. ಹಳೆಯದೆಂದು ಪುಸ್ತಕವನ್ನು ಎಸೆಯುವುದಿಲ್ಲ, ಹಳೆಯದೆಂಬುದನ್ನು ಮುಚ್ಚಿಡುವುದೂ ಇಲ್ಲ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಇನ್ನೂರ ಹತ್ತೂ ಕೆಳಗಿಳಿದಿವೆ. ಮೊಣಕಾಲು ನೋವಿನಲ್ಲೇ ಇಪ್ಪತ್ತೊಂಬತ್ತು ಸಲ ಮೆಟ್ಟಿಲು ಹತ್ತಿಳಿದಿದ್ದಾರೆ. ಒಂದು ಕಪಾಟಿನಲ್ಲಿ ಅಟ್ಲಾಸುಗಳು, ಒಂದರಲ್ಲಿ ನಂಬಬಹುದಾದ ಮಾರ್ಗದರ್ಶಿಗಳು, ಮೂರನೆಯದರಲ್ಲಿ ದಾರಿ ತಪ್ಪಿದವರ ಕಥನಗಳು. ಕಾರ್ಯದರ್ಶಿ ಬರುತ್ತಾರೆ. ಗಡಿಬಿಡಿಯ ಮನುಷ್ಯ, ಕೆಟ್ಟವರಲ್ಲ.

"ಈಗೆಲ್ಲ ಫೋನೇ ದಾರಿ ತೋರ್ಸುತ್ತಲ್ಲಕ್ಕ, ಇಷ್ಟೊಂದು ಅಟ್ಲಾಸು ಯಾಕೆ?"

"ಫೋನು ನಾನು ಹೋಗೋ ದಾರಿ ತೋರ್ಸುತ್ತೆ ಸಾರ್. ಅಟ್ಲಾಸು ನಾನು ಹೋಗದೆ ಇರೋದನ್ನೂ ತೋರ್ಸುತ್ತೆ."

ಕಾರ್ಯದರ್ಶಿ ನಕ್ಕು ಒಪ್ಪುತ್ತಾರೆ. ಆಗ ಅಟ್ಲಾಸಕ್ಕ ಮಹಡಿಯಲ್ಲಿ ಓದುಗರು ಕೂರುತ್ತಿದ್ದ ದೊಡ್ಡ ಮೇಜು ಯಾವಾಗ ಕೆಳಗೆ ಬರುತ್ತದೆ ಎಂದು ಕೇಳುತ್ತಾರೆ. ಅಟ್ಲಾಸು ತೆರೆದರೆ ಎರಡು ಮೊಳ ಅಗಲ, ನಿಂತು ಓದುವ ಪುಸ್ತಕವಲ್ಲ. ಕಾರ್ಯದರ್ಶಿ ಜೇಬಿನಿಂದ ಟೇಪು ತೆಗೆದು ಹಜಾರ ಅಳೆಯುತ್ತಾರೆ, ಮತ್ತೊಮ್ಮೆ ಅಳೆಯುತ್ತಾರೆ. ಜನ ಓಡಾಡುವ ದಾರಿ ಬಿಟ್ಟರೆ ಜಾಗ ಸಾಲದು.

"ಮೇಜು ಬೇಕು ಅಂದ್ರೆ ಒಂದು ಕಪಾಟು ಬಿಡ್ಬೇಕಾಗುತ್ತೆ. ಮೂರು ಕಪಾಟು ಬೇಕಾ, ಮೇಜು ಬೇಕಾ? ನೀವೇ ಹೇಳಿ."

ಅಟ್ಲಾಸಕ್ಕ ಕಪಾಟುಗಳತ್ತ ತಿರುಗುತ್ತಾರೆ. ಮೂರು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆರಿಸಿದ ಪುಸ್ತಕಗಳು ಎದುರಿಗಿವೆ. ಗ್ರಂಥಪಾಲಕರು, "ಮೇಜು ಬಿಡಿ ಅಕ್ಕ, ಪುಸ್ತಕ ಉಳಿಸ್ಕೊಳ್ಳಿ, ಮನೆಗೆ ಒಯ್ದು ಓದ್ತಾರೆ" ಎನ್ನುತ್ತಾರೆ. ಅವರು ಹೊಸಬರು. ಅಟ್ಲಾಸುಗಳನ್ನು ಮನೆಗೆ ಕೊಡುವ ಪದ್ಧತಿ ಇಲ್ಲ ಎನ್ನುವುದು ಅವರಿಗೆ ಗೊತ್ತಿಲ್ಲ.

"ಮೇಜು ತನ್ನಿ ಸಾರ್" ಎನ್ನುತ್ತಾರೆ ಅಟ್ಲಾಸಕ್ಕ. "ಕೂರೋಕೆ ಜಾಗ ಇಲ್ದೆ ಲೋಕವೆಲ್ಲ ತುಂಬಿಟ್ಕೊಂಡು ಏನ್ಮಾಡೋದು?" ಅಷ್ಟು ಹೇಳಿ, ಮೂರೂ ಕಪಾಟುಗಳಿಂದ ಎಪ್ಪತ್ತನ್ನು ತೆಗೆಯಲು ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ಈ ಸಲ ಯಾವ ಪರೀಕ್ಷೆಯೂ ನೆರವಿಗೆ ಬರುವುದಿಲ್ಲ, ಎಲ್ಲವೂ ಗೆದ್ದು ಬಂದವೇ. ಒಂದೊಂದನ್ನೂ ತೆಗೆಯುವ ಮುನ್ನ ಬೆನ್ನಿನ ಧೂಳನ್ನು ಅಂಗೈಯಿಂದ ಒರೆಸುತ್ತಾರೆ. ಅಳುತ್ತಿದ್ದಾರೆ, ಅದನ್ನು ಮುಚ್ಚಿಡಲೂ ಹೋಗುವುದಿಲ್ಲ.

ಸೋಮವಾರ ಲಾರಿ ಬಂದು ಹೋಗುತ್ತದೆ. ಅದರ ಮುಂದಿನ ವಾರದ ಮಂಗಳವಾರ ಬೆಳಗ್ಗೆ ನೀಲಿ ಮೇಲಂಗಿಯ ಮೆಕ್ಯಾನಿಕ್ ಒಬ್ಬರು ಕಂಪ್ಯೂಟರ್ ತರಗತಿ ಎಲ್ಲಿ ಎಂದು ಕೇಳಿಕೊಂಡು ಒಳಬರುತ್ತಾರೆ. ಶುರುವಾಗಲು ಅರ್ಧ ಗಂಟೆ ಇದೆ. ಹೊತ್ತು ಕಳೆಯಲು ಹಜಾರದ ಮೇಜಿನ ಮುಂದೆ ಕೂರುತ್ತಾರೆ, ಕೈಯನ್ನು ಪ್ಯಾಂಟಿಗೆ ಎರಡು ಸಲ ಒರೆಸಿಕೊಂಡು ಅಟ್ಲಾಸು ತೆರೆಯುತ್ತಾರೆ. ಬೆರಳು ಒಂದು ಕರಾವಳಿಯ ಗುಂಟ ನಿಧಾನವಾಗಿ ಇಳಿಯುತ್ತದೆ. ಮಹಡಿಯಲ್ಲಿ ತರಗತಿಯ ಗಂಟೆ ಹೊಡೆಯುತ್ತದೆ. ಅವರು ತಲೆ ಎತ್ತುವುದಿಲ್ಲ.

ಮೆಟ್ಟಿಲ ಬುಡದಲ್ಲಿ ಪೊರಕೆ ಹಿಡಿದು ನಿಂತ ಅಟ್ಲಾಸಕ್ಕನನ್ನು, ಆ ಎಪ್ಪತ್ತು ಪುಸ್ತಕ ಹೋದದ್ದಕ್ಕೆ ದುಃಖವಿಲ್ಲವೇ ಎಂದು ಕೇಳಿದರೆ, "ಇಲ್ದೆ ಏನು? ಒಂದೊಂದರ ಹೆಸರೂ ಹೇಳ್ಲಾ?" ಎನ್ನುತ್ತಾರೆ. ಆಮೇಲೆ ದನಿ ತಗ್ಗಿಸುತ್ತಾರೆ. "ಮೆಲ್ಲಗೆ ಮಾತಾಡಿ. ಅವರು ಎದ್ದು ಹೋಗೋ ತನಕ ನಾನು ಆ ಕಡೆ ಗುಡಿಸಲ್ಲ."